ಗ್ಯಾಸ್ ಗೀಸರ್: ಕೊಲ್ಲುತ್ತಿರುವುದು ಸೋರಿಕೆಯಲ್ಲ, ಹೊರದಾರಿ ಕಾಣದ ಹೊಗೆ

ಪತ್ರಿಕೆಗಳ ಅಪರಾಧ ಸುದ್ದಿಯ ಪುಟದಲ್ಲಿ ವರ್ಷಕ್ಕೆ ಹಲವು ಬಾರಿ, ಚಳಿಗಾಲದಲ್ಲಂತೂ ತಪ್ಪದೆ, ಒಂದೇ ಬಗೆಯ ವರದಿ ಕಾಣಿಸಿಕೊಳ್ಳುತ್ತದೆ. ಸ್ನಾನಕ್ಕೆ ಹೋದವರು ಎಷ್ಟು ಹೊತ್ತಾದರೂ ಹೊರಬರಲಿಲ್ಲ, ಕೂಗಿದರೆ ಉತ್ತರವಿಲ್ಲ, ಬಾಗಿಲು ಮುರಿದು ನೋಡಿದಾಗ ಕುಸಿದು ಬಿದ್ದಿದ್ದರು, ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಉಸಿರು ನಿಂತಿತ್ತು. 2023ರ ಜೂನ್‌ನಲ್ಲಿ ಬೆಂಗಳೂರಿನ ಹೊರವಲಯದ ಬಾಡಿಗೆ ಮನೆಯೊಂದರಲ್ಲಿ ಹೀಗೆ ಇಬ್ಬರು ಸತ್ತರು. 2025ರ ಅಕ್ಟೋಬರ್‌ನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಅಕ್ಕತಂಗಿಯರಿಬ್ಬರು ಹೀಗೆಯೇ ಇಲ್ಲವಾದರು. ನಡುವೆ ಇಂತಹ ಇನ್ನೂ ಹಲವು ಸಾವುಗಳು ವರದಿಯಾಗಿವೆ. ಊರು, ಬಡಾವಣೆ, ವಯಸ್ಸು ಬೇರೆಯಾದರೂ ಮುಚ್ಚಿದ ಬಾಗಿಲು, ಗೋಡೆಗೆ ತೂಗುಹಾಕಿದ ಗೀಸರ್ ಮತ್ತು ಮರುದಿನದ ಶೀರ್ಷಿಕೆ ಒಂದೇ: ‘ಗ್ಯಾಸ್ ಗೀಸರ್ ಸೋರಿಕೆಯಿಂದ ಸಾವು’.

ಈ ಶೀರ್ಷಿಕೆಯಲ್ಲಿರುವ ‘ಸೋರಿಕೆ’ ಎಂಬ ಪದ ಬಹುತೇಕ ಪ್ರಕರಣಗಳಲ್ಲಿ ತಪ್ಪು. ಅಡುಗೆ ಅನಿಲ ಸೋರಿದರೆ ಮೂಗಿಗೆ ಗೊತ್ತಾಗುತ್ತದೆ. ವಾಸನೆಯಿಲ್ಲದ ಆ ಅನಿಲಕ್ಕೆ ಮರ್ಕ್ಯಾಪ್ಟನ್ ಎಂಬ ಗಂಧಕಯುಕ್ತ ರಾಸಾಯನಿಕವನ್ನು ಬೆರೆಸುವುದೇ ಆ ಉದ್ದೇಶಕ್ಕೆ. ಸೋರಿದ ಅನಿಲದಿಂದ ಎದುರಾಗುವ ಮುಖ್ಯ ಅಪಾಯ ಬೆಂಕಿ ಮತ್ತು ಸ್ಫೋಟ. ಸ್ನಾನದ ಮನೆಯಲ್ಲಿ ಜನ ಸಾಯುತ್ತಿರುವುದು ಸೋರಿದ ಅನಿಲದಿಂದಲ್ಲ, ಉರಿದ ಅನಿಲದಿಂದ. ಸಾಕಷ್ಟು ಗಾಳಿ ಸಿಗದೆ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಕಣ್ಣನ್ನೂ ಗಂಟಲನ್ನೂ ಉರಿಸುವುದಿಲ್ಲ. ರೋಗದ ಹೆಸರೇ ತಪ್ಪಾದ ಮೇಲೆ ಮದ್ದು ಸರಿಯಾಗಿರುವುದು ಹೇಗೆ? ‘ಸೋರಿಕೆ’ ಎಂದು ಓದಿದ ಗೃಹಸ್ಥ ರಬ್ಬರ್ ಕೊಳವೆಯನ್ನು ಪರೀಕ್ಷಿಸುತ್ತಾನೆ, ರೆಗ್ಯುಲೇಟರ್ ಬದಲಿಸುತ್ತಾನೆ, ಸಾಬೂನು ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ನೋಡುತ್ತಾನೆ. ಎಲ್ಲವೂ ಸರಿಯಿದೆ ಎಂಬ ನೆಮ್ಮದಿಯೊಂದಿಗೆ ಮರುದಿನ ಅದೇ ಮುಚ್ಚಿದ ಕೋಣೆಯಲ್ಲಿ ಸ್ನಾನಕ್ಕೆ ನಿಲ್ಲುತ್ತಾನೆ.

ಉರಿಯ ಲೆಕ್ಕ

ಇದನ್ನು ಅರಿಯಲು ದೊಡ್ಡ ವಿಜ್ಞಾನವೇನೂ ಬೇಕಿಲ್ಲ, ಕೂಡಿಸಿ ಕಳೆಯುವ ಲೆಕ್ಕ ಸಾಕು. ನಿಮಿಷಕ್ಕೆ 6 ಲೀಟರ್ ನೀರನ್ನು ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಮಾಡುವ ಸಾಮಾನ್ಯ ಗೀಸರ್ ಗಂಟೆಗೆ ಹೆಚ್ಚುಕಡಿಮೆ ಒಂದು ಕಿಲೊ ಅಡುಗೆ ಅನಿಲವನ್ನು ಉರಿಸುತ್ತದೆ. ಒಂದು ಕಿಲೊ ಅನಿಲ ಪೂರ್ಣವಾಗಿ ಉರಿಯಲು ಸುಮಾರು 15 ಕಿಲೊ ಗಾಳಿ ಬೇಕು. ನಮ್ಮ ಅಪಾರ್ಟ್‌ಮೆಂಟ್‌ಗಳಲ್ಲಿ 5 ಅಡಿ ಅಗಲ, 7 ಅಡಿ ಉದ್ದ, 9 ಅಡಿ ಎತ್ತರದ ಸ್ನಾನದ ಮನೆ ಅಪರೂಪವೇನಲ್ಲ. ಅಂತಹ ಕೋಣೆ ಹಿಡಿಸುವ ಗಾಳಿ ಸುಮಾರು 9 ಘನ ಮೀಟರ್. ಕಿಟಕಿ ಬಾಗಿಲು ಮುಚ್ಚಿದ್ದರೆ, ಹತ್ತು ನಿಮಿಷದ ಸ್ನಾನದಲ್ಲಿ ಗೀಸರ್ ಒಂದೇ ಆ ಗಾಳಿಯ ಕಾಲು ಭಾಗದ ಆಮ್ಲಜನಕವನ್ನು ಮುಗಿಸಿಬಿಡುತ್ತದೆ. ಇಪ್ಪತ್ತು ನಿಮಿಷಕ್ಕೆ ಅರ್ಧ ಭಾಗ ಹೋದಂತೆ.

ಬಯಲಿನ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಶೇ 21ರಷ್ಟು. ಅದು ಶೇ 18ರ ಹತ್ತಿರಕ್ಕೆ ಇಳಿಯುತ್ತಿದ್ದಂತೆಯೇ ಜ್ವಾಲೆ ಹದಗೆಡುತ್ತದೆ. ನಿರಪಾಯಕಾರಿ ಎನ್ನಬಹುದಾದ ಇಂಗಾಲದ ಡೈ ಆಕ್ಸೈಡ್‌ನ ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಏರತೊಡಗುತ್ತದೆ. ಅಲ್ಲಿಂದ ಮುಂದೆ ಇದೊಂದು ವಿಷವರ್ತುಲ. ಕೆಟ್ಟ ಗಾಳಿಯಲ್ಲಿ ಉರಿದ ಒಲೆ ಗಾಳಿಯನ್ನು ಇನ್ನಷ್ಟು ಕೆಡಿಸುತ್ತದೆ. ಆದ್ದರಿಂದಲೇ ಮನೆಯಲ್ಲಿ ಮೊದಲು ಸ್ನಾನ ಮಾಡಿದವರಿಗೆ ಏನೂ ಆಗದೆ, ಮೂರನೆಯವರೋ ನಾಲ್ಕನೆಯವರೋ ಕುಸಿದು ಬೀಳುವ ಸಂಭವವುಂಟು. ಮುಂಚೆ ಹೋದವರು ಬಿಟ್ಟ ಗಾಳಿಯನ್ನೇ ನಂತರದವರು ಉಸಿರಾಡುತ್ತಾರೆ. ಮನೆಯ ಕೆಲಸವೆಲ್ಲ ಮುಗಿಸಿ ಕೊನೆಗೆ ಸ್ನಾನಕ್ಕೆ ಹೋಗುವವರು ಸಾಮಾನ್ಯವಾಗಿ ಯಾರು ಎಂಬುದನ್ನು ಓದುಗರೇ ಯೋಚಿಸಬಹುದು.

ಇದು ಹೊಸ ಗೀಸರ್‌ನ ಲೆಕ್ಕ. ಹಳೆಯ ಗೀಸರ್‌ನ ಸ್ಥಿತಿ ಇನ್ನೂ ಶೋಚನೀಯ. ಬರ್ನರ್‌ನ ರಂಧ್ರಗಳಲ್ಲಿ ಧೂಳು, ಬಟ್ಟೆಯ ನಾರು ಕಟ್ಟಿಕೊಳ್ಳುತ್ತವೆ. ನೀರು ಕಾಯಿಸುವ ತಾಮ್ರದ ರೆಕ್ಕೆಗಳ ನಡುವೆ ಮಸಿ ತುಂಬಿ ಉರಿದ ಅನಿಲ ಮೇಲೇಳದಂತಾಗುತ್ತದೆ. ನೀಲಿಯಾಗಿರಬೇಕಾದ ಜ್ವಾಲೆ ಹಳದಿಗೆ ತಿರುಗುತ್ತದೆ, ಗೀಸರ್‌ನ ಮೇಲ್ಗಡೆ ಗೋಡೆ ಕಪ್ಪಗಾಗುತ್ತದೆ. ಇವು ಸ್ಪಷ್ಟ ಎಚ್ಚರಿಕೆಗಳು. ಆದರೆ ಜ್ವಾಲೆ ನೀಲಿಯಾಗಿದೆ ಎಂಬುದೊಂದೇ ಅಭಯಪತ್ರವಲ್ಲ. ಹಲವು ಮಾದರಿಗಳಲ್ಲಿ ಇಪ್ಪತ್ತು ನಿಮಿಷದ ನಂತರ ತಾನಾಗಿಯೇ ಆರುವ ಸಮಯಮಾಪಕ ಇರುತ್ತದೆ. ನಲ್ಲಿ ನಿಲ್ಲಿಸಿ ಮತ್ತೆ ತಿರುಗಿಸಿದರೆ ಆ ಎಣಿಕೆ ಮೊದಲಿನಿಂದ ಶುರುವಾಗುತ್ತದೆ. ಅದನ್ನು ನಂಬಿ ಕಿಟಕಿ ಮುಚ್ಚುವುದು ವಿವೇಕವಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿ ಹೇಳಬೇಕು. ಅಡುಗೆ ಅನಿಲ ಗಾಳಿಗಿಂತ ಭಾರವಾದದ್ದು, ಅದು ನೆಲಮಟ್ಟದಲ್ಲಿ ಹರಡುತ್ತದೆ. ಆದ್ದರಿಂದ ಬಾಗಿಲಿನ ಕೆಳಗೆ ಸಂದು ಇದ್ದರೆ ಸಾಕೆಂದು ಅನೇಕರು ನಂಬಿದ್ದಾರೆ. ಸೋರಿದ ಅನಿಲದ ಮಟ್ಟಿಗೆ ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಕಾರ್ಬನ್ ಮೊನಾಕ್ಸೈಡ್‌ನ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ. ಬಿಸಿಯಾಗಿ ಮೇಲೆದ್ದು ಕೋಣೆಯ ತುಂಬ ಬೆರೆಯುವ ಅದಕ್ಕೆ ಮೇಲ್ಗಡೆ ಹೊರದಾರಿ ಬೇಕು. ಉರಿಗೆ ಬೇಕಾದ ಹೊಸ ಗಾಳಿಗೆ ಕೆಳಗಡೆ ಒಳದಾರಿ ಬೇಕು. ಎರಡೂ ಇಲ್ಲದೆ ಎಕ್ಸಾಸ್ಟ್ ಫ್ಯಾನ್ ಒಂದನ್ನೇ ಹಾಕಿದರೆ, ಒಳಗೆ ಗಾಳಿಯ ಒತ್ತಡ ಕುಸಿದು ಗೀಸರ್‌ನ ಹೊಗೆ ಕೊಳವೆಯಲ್ಲಿ ಹೋಗಬೇಕಾದ ಅನಿಲ ಹಿಮ್ಮುಖವಾಗಿ ಕೋಣೆಗೇ ಇಳಿಯಬಹುದು.

ಹಂಡೆಯ ಒಲೆ ಕಲಿಸಿದ್ದು, ನಾವು ಮರೆತದ್ದು

ನಮ್ಮ ಹಳೆಯ ಮನೆಗಳ ಬಚ್ಚಲಲ್ಲಿ ಹಂಡೆಯ ಒಲೆ ಇರುತ್ತಿತ್ತು. ಅದರಲ್ಲಿಯೂ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತಿತ್ತು, ಈಗಿನ ಗೀಸರ್‌ಗಿಂತ ಹೆಚ್ಚಾಗಿಯೇ. ಆದರೆ ಸೌದೆಯ ಒಲೆ ತನ್ನ ವಿಷವನ್ನು ಮುಚ್ಚಿಡುತ್ತಿರಲಿಲ್ಲ. ಕಣ್ಣು ಉರಿಯುತ್ತಿತ್ತು, ಕೆಮ್ಮು ಬರುತ್ತಿತ್ತು, ಯಾರೂ ಹೇಳದೆಯೇ ಬಾಗಿಲು ತೆರೆಯುತ್ತಿದ್ದೆವು. ಹೆಂಚಿನ ಸಂದುಗಳು, ಗವಾಕ್ಷಿ, ಕದವಿಲ್ಲದ ಬೆಳಕಿಂಡಿ ಹೊಗೆಗೆ ದಾರಿಯಾಗುತ್ತಿದ್ದವು. ಅನೇಕ ಮನೆಗಳಲ್ಲಿ ಒಲೆಯ ಬಾಯಿಯನ್ನು ಗೋಡೆಯ ಹೊರಗೇ ಇಡುತ್ತಿದ್ದರು. ಬೆಂಕಿ ಹೊರಗೆ, ಬಿಸಿನೀರು ಒಳಗೆ. ಆಮೇಲೆ ಬಂದ ತಾಮ್ರದ ಬಾಯ್ಲರ್‌ಗಳಿಗೂ ನಡುವೆ ಹೊಗೆ ಕೊಳವೆ ಇತ್ತು. ಉರಿಯುವುದನ್ನು ಮನೆಯೊಳಗೆ ತಂದರೆ ಅದರ ಹೊಗೆಗೆ ದಾರಿ ಮಾಡಬೇಕೆಂಬುದು ಆಗ ಯಾವ ಕಾಯ್ದೆಯೂ ಹೇಳಬೇಕಾಗಿಲ್ಲದ ಸಾಮಾನ್ಯ ಜ್ಞಾನವಾಗಿತ್ತು.

ಅಡುಗೆ ಅನಿಲ ಸ್ವಚ್ಛ ಇಂಧನ ಎಂಬುದರಲ್ಲಿ ಎರಡು ಮಾತಿಲ್ಲ. ಸೌದೆ ಹೊಗೆಯಿಂದ ಕೋಟ್ಯಂತರ ಹೆಣ್ಣುಮಕ್ಕಳ ಶ್ವಾಸಕೋಶವನ್ನು ಅದು ಕಾಪಾಡಿದೆ. ಆದರೆ ಅದರ ಸ್ವಚ್ಛತೆಯೇ ನಮ್ಮನ್ನು ಮೈಮರೆಸಿತು. ಹೊಗೆ ಕಾಣುವುದಿಲ್ಲವಾದ್ದರಿಂದ ಹೊಗೆಯೇ ಇಲ್ಲವೆಂಬ ಭ್ರಮೆ ಬೆಳೆಯಿತು. ಇದೇ ಕಾಲದಲ್ಲಿ ವಾಸ್ತುಶಿಲ್ಪವೂ ಬದಲಾಯಿತು. ಬೆಳಕಿಂಡಿಯ ಜಾಗದಲ್ಲಿ ಗಾಜಿನ ಪಟ್ಟಿ ಬಂತು. ಬಯಲಿಗೆ ತೆರೆಯುತ್ತಿದ್ದ ಕಿಟಕಿ ‘ಡಕ್ಟ್’ ಎಂದು ಕರೆಯುವ ಕಿರಿದಾದ ಗಾಳಿಗೂಡಿನತ್ತ ತಿರುಗಿತು. ಸೊಳ್ಳೆ, ಜಿರಲೆ, ಪಾರಿವಾಳಗಳ ಕಾಟಕ್ಕೆ ಅದನ್ನೂ ಜಾಲರಿಯಿಂದ, ಕೆಲವೊಮ್ಮೆ ರಟ್ಟಿನಿಂದ ಮುಚ್ಚಲಾಯಿತು. ಬಾಲ್ಕನಿ, ಯುಟಿಲಿಟಿ ಜಾಗಗಳಿಗೂ ಜಾರುವ ಗಾಜಿನ ಕಿಟಕಿ ಹಾಕಿಸಿ ಒಳಗೆ ಸೇರಿಸಿಕೊಂಡೆವು.

ಗ್ಯಾಸ್ ಗೀಸರ್ ಜನಪ್ರಿಯವಾಗಲು ಕಾರಣಗಳಿಗೆ ಬರವಿಲ್ಲ. ವಿದ್ಯುತ್ ಕಡಿತದ ದಿನಗಳಲ್ಲಿ ಎರಡು ಬ್ಯಾಟರಿ ಸೆಲ್‌ಗಳಿಂದಲೇ ಹೊತ್ತಿಕೊಳ್ಳುವ ಈ ಉಪಕರಣ ವರದಾನವಾಗಿ ಕಂಡಿತು. ಬಿಸಿನೀರಿಗಾಗಿ ಕಾಯಬೇಕಿಲ್ಲ, ವಿದ್ಯುತ್ ಬಿಲ್ ಏರುವುದಿಲ್ಲ, ಬೆಲೆಯೂ ಕೈಗೆಟುಕುತ್ತದೆ. ಬೆಂಗಳೂರಿನ ತಾರಸಿಗಳ ಮೇಲೆ ಸೌರ ಜಲತಾಪಕಗಳ ಸಾಲು ನಮ್ಮ ಹೆಮ್ಮೆಯ ವಿಷಯವೇ. ಆದರೆ ಎತ್ತರದ ಕಟ್ಟಡದಲ್ಲಿ ಎಲ್ಲ ಮನೆಗಳಿಗೂ ಸಾಲುವಷ್ಟು ತಾರಸಿ ಇರುವುದಿಲ್ಲ, ಮೋಡ ಕವಿದ ವಾರಗಳಲ್ಲಿ ಸೂರ್ಯನೂ ಇರುವುದಿಲ್ಲ. ಹೀಗಾಗಿ ಗ್ಯಾಸ್ ಗೀಸರ್ ಕೊಂಡವರನ್ನು ದೂರುವುದು ನ್ಯಾಯವಲ್ಲ. ಅದನ್ನು ಎಲ್ಲಿ ಅಳವಡಿಸುತ್ತೇವೆ ಎಂಬುದಷ್ಟೇ ಪ್ರಶ್ನೆ. ಪೈಪು ಚಿಕ್ಕದಾದರೆ ಖರ್ಚು ಕಡಿಮೆ, ನೀರು ಬೇಗ ಬಿಸಿಯಾಗಿ ಬರುತ್ತದೆ ಎಂಬ ಲೆಕ್ಕದಲ್ಲಿ ಅಳವಡಿಸಲು ಬಂದ ಹುಡುಗ ಸ್ನಾನದ ಮನೆಯ ಗೋಡೆಗೇ ಮೊಳೆ ಹೊಡೆಯುತ್ತಾನೆ. ಪೆಟ್ಟಿಗೆಯಲ್ಲಿ ಬರುವ ಕೈಪಿಡಿ ಸಾಮಾನ್ಯವಾಗಿ ಗಾಳಿಯಾಡುವ ಜಾಗದಲ್ಲಿ, ಸ್ನಾನದ ಮನೆಯ ಹೊರಗೆ ಎಂದೇ ಹೇಳುತ್ತದೆ. ಅದನ್ನು ಓದುವವರು ಯಾರು?

ದೇಹಕ್ಕೂ ವೈದ್ಯರಿಗೂ ಕಣ್ಕಟ್ಟು

ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಕಾರ್ಬನ್ ಮೊನಾಕ್ಸೈಡ್ ಅನ್ನು ಹಿಡಿದುಕೊಳ್ಳುತ್ತದೆ. ಫ್ರಾನ್ಸಿನ ಶರೀರವಿಜ್ಞಾನಿ ಕ್ಲಾಡ್ ಬರ್ನಾರ್ಡ್ 19ನೆಯ ಶತಮಾನದ ಮಧ್ಯಭಾಗದಲ್ಲಿಯೇ ಈ ವಿಷ ರಕ್ತವನ್ನು ಕೆಡಿಸುವ ಬಗೆಯನ್ನು ತೋರಿಸಿಕೊಟ್ಟಿದ್ದ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಬಳಿಕ ಕೈಕಾಲುಗಳ ಶಕ್ತಿ ಉಡುಗುತ್ತದೆ. ಅಪಾಯದ ಅರಿವಾಗುವ ಹೊತ್ತಿಗೆ ಎರಡು ಹೆಜ್ಜೆ ದೂರದ ಚಿಲಕವನ್ನು ತೆಗೆಯುವ ತ್ರಾಣ ಉಳಿದಿರುವುದಿಲ್ಲ. ಬಾಗಿಲ ಬಳಿಯೇ ಬಿದ್ದು ಸಾಯುವವರ ದುರಂತದ ಹಿಂದಿರುವ ಕಾರಣ ಇದು. ವೇಗವಾಗಿ ಉಸಿರಾಡುವ ಮಕ್ಕಳಿಗೆ ವಿಷ ಬೇಗ ಏರುತ್ತದೆ. ಗರ್ಭಿಣಿ ಬದುಕುಳಿದರೂ ಗರ್ಭಸ್ಥ ಶಿಶುವಿಗೆ ಅಪಾಯ ತಪ್ಪದಿರಬಹುದು. ಚೇತರಿಸಿಕೊಂಡು ಮನೆಗೆ ಹೋದವರಲ್ಲಿಯೂ ಕೆಲವರಿಗೆ ವಾರಗಳ ನಂತರ ಮರೆವು, ನಡಿಗೆಯಲ್ಲಿ ತೊಡಕು, ಸ್ವಭಾವದಲ್ಲಿ ಬದಲಾವಣೆ ಕಾಣಿಸಿಕೊಳ್ಳುವುದುಂಟು.

ಕೋವಿಡ್ ಕಾಲದಿಂದ ಎಷ್ಟೋ ಮನೆಗಳಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇದೆ. ಈ ವಿಷಯದಲ್ಲಿ ಅದನ್ನು ನಂಬುವಂತಿಲ್ಲ. ಆಮ್ಲಜನಕ ಹೊತ್ತ ರಕ್ತಕ್ಕೂ ಕಾರ್ಬನ್ ಮೊನಾಕ್ಸೈಡ್ ಹೊತ್ತ ರಕ್ತಕ್ಕೂ ಇರುವ ವ್ಯತ್ಯಾಸ ಸಾಮಾನ್ಯ ಆಕ್ಸಿಮೀಟರ್‌ಗೆ ತಿಳಿಯದು. ಜೀವ ಹೋಗುತ್ತಿರುವಾಗಲೂ ಅದು ಸಮಾಧಾನಕರ ಅಂಕಿಯನ್ನು ತೋರಿಸಬಹುದು. ಕಾರ್ಬನ್ ಮೊನಾಕ್ಸೈಡ್‌ನ ಪ್ರಮಾಣವನ್ನೇ ಅಳೆಯುವ ರಕ್ತಪರೀಕ್ಷೆ ಬೇಕು. ಅದರ ಫಲಿತಾಂಶಕ್ಕೂ ಕಾಯದೆ ಶುದ್ಧ ಆಮ್ಲಜನಕ ಕೊಡುವುದು ಚಿಕಿತ್ಸೆಯ ಮೊದಲ ಹೆಜ್ಜೆ. ಬರಿಯ ಗಾಳಿಯಲ್ಲಿ ಉಸಿರಾಡಿದರೆ ರಕ್ತದಲ್ಲಿನ ವಿಷ ಅರ್ಧಕ್ಕಿಳಿಯಲು ನಾಲ್ಕರಿಂದ ಆರು ಗಂಟೆ ಬೇಕು. ಮುಖವಾಡದ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆ ಸಾಕು.

ದಕ್ಷಿಣ ಕರ್ನಾಟಕಕ್ಕೆ ಈ ವಿಷಯದಲ್ಲಿ ತನ್ನದೇ ಆದ ತೊಡಕೊಂದಿದೆ. ತಲೆಯ ಮೇಲೆ ಬಿಸಿನೀರು ಹೊಯ್ದುಕೊಂಡಾಗ ಬರುವ ‘ಬಿಸಿನೀರಿನ ಅಪಸ್ಮಾರ’ ಜಗತ್ತಿನ ಇತರೆಡೆಗಳಿಗಿಂತ ನಮ್ಮ ಭಾಗದಲ್ಲಿ ಹೆಚ್ಚು ಎಂಬುದನ್ನು ಬೆಂಗಳೂರಿನ ನರರೋಗ ತಜ್ಞರು, ವಿಶೇಷವಾಗಿ ನಿಮ್ಹಾನ್ಸ್ ಸಂಸ್ಥೆಯವರು, ದಶಕಗಳಿಂದ ದಾಖಲಿಸುತ್ತ ಬಂದಿದ್ದಾರೆ. ಕಾರ್ಬನ್ ಮೊನಾಕ್ಸೈಡ್‌ನಿಂದಲೂ ಸ್ನಾನದ ನಡುವೆಯೇ ಪ್ರಜ್ಞೆ ತಪ್ಪಬಹುದು, ಸೆಳವು ಬರಬಹುದು. ಹೀಗಾಗಿ ಸ್ನಾನದ ಮನೆಯಲ್ಲಿ ಸೆಳವು ಬಂದವರನ್ನು ಕರೆತಂದಾಗ ‘ನೀರು ಯಾವುದರಿಂದ ಕಾಯುತ್ತದೆ, ಗೀಸರ್ ಎಲ್ಲಿದೆ’ ಎಂಬ ಎರಡು ಪ್ರಶ್ನೆಗಳನ್ನು ಕೇಳದಿದ್ದರೆ, ರೋಗಿ ಮಾತ್ರೆಯ ಚೀಟಿ ಹಿಡಿದು ಅದೇ ಸ್ನಾನದ ಮನೆಗೆ ಮರಳುವ ಅಪಾಯವಿದೆ. ವಯಸ್ಸಾದವರು ಕುಸಿದರೆ ಹೃದಯಾಘಾತವೆಂದೂ ಹರೆಯದವರು ಬಿದ್ದರೆ ರಕ್ತದೊತ್ತಡ ಇಳಿಯಿತೆಂದೂ ಭಾವಿಸುವುದು ಸುಲಭ.

ಯಾರದೂ ಅಲ್ಲದ ಹೊಣೆ

ಇಷ್ಟು ಸರಳವಾದ, ಇಷ್ಟು ಕಾಲದಿಂದ ತಿಳಿದಿರುವ ಅಪಾಯವನ್ನು ತಡೆಯುವುದು ಯಾರ ಕೆಲಸ? ಇಲ್ಲಿ ನಮ್ಮ ವ್ಯವಸ್ಥೆಯ ವಿಚಿತ್ರ ಬಯಲಾಗುತ್ತದೆ. ಅನಿಲ ವಿತರಕರ ತಪಾಸಣೆಯ ಗಮನವೆಲ್ಲ ಸಿಲಿಂಡರ್, ರೆಗ್ಯುಲೇಟರ್, ರಬ್ಬರ್ ಕೊಳವೆ ಮತ್ತು ಅಡುಗೆ ಒಲೆಯ ಮೇಲೆ. ಭಾರತೀಯ ಮಾನಕ ಬ್ಯೂರೊ ಅಡುಗೆ ಅನಿಲದ ಕಿರು ಜಲತಾಪಕಗಳಿಗೆಂದು 2005ರಲ್ಲಿ ಐಎಸ್ 15558 ಎಂಬ ಮಾನಕ ರೂಪಿಸಿತು. ಆದರೆ ಮುದ್ರೆ ಬೀಳುವುದು ಉಪಕರಣದ ಮೇಲೆ, ಅದನ್ನು ತೂಗುಹಾಕುವ ಗೋಡೆಯ ಮೇಲಲ್ಲ. ಕಟ್ಟಡದ ನಕ್ಷೆಗೆ ಮಂಜೂರಾತಿ ಕೊಡುವವರ ಕಾಗದದಲ್ಲಿ ಗೀಸರ್ ಇರುವುದೇ ಇಲ್ಲ. ಅಂಗಡಿಯವನ ಜವಾಬ್ದಾರಿ ರಸೀದಿಯೊಂದಿಗೆ ಮುಗಿಯುತ್ತದೆ. ಅಳವಡಿಸಿದವನು ಯಾರೆಂಬುದು ಮರುತಿಂಗಳು ಯಾರಿಗೂ ನೆನಪಿರುವುದಿಲ್ಲ. 11 ತಿಂಗಳ ಬಾಡಿಗೆ ಕರಾರಿನ ಕೊನೆಯಲ್ಲಿ ಫ್ಯಾನು, ಟ್ಯೂಬ್‌ಲೈಟುಗಳ ಜೊತೆ ‘ಗೀಸರ್-1’ ಎಂದು ಬರೆದಿರುತ್ತದೆ. ಅದು ಕಳೆದುಹೋದರೆ, ಕೆಟ್ಟರೆ ಬಾಡಿಗೆದಾರ ಹೊಣೆ. ಅದರಿಂದ ಬಾಡಿಗೆದಾರನೇ ಸತ್ತರೆ?

ಸಾವಿನ ನಂತರದ ಕಥೆಯೂ ಹೀಗೆಯೇ. ಪೊಲೀಸರು ಅಸಹಜ ಸಾವಿನ ಪ್ರಕರಣ ದಾಖಲಿಸುತ್ತಾರೆ. ಹಿಂದೆ ಅಪರಾಧ ಪ್ರಕ್ರಿಯಾ ಸಂಹಿತೆಯ 174ನೇ ಕಲಂ, 2024ರ ಜುಲೈನಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ. ಸಂಶಯಕ್ಕೆ ಆಸ್ಪದವಿಲ್ಲವೆಂದಾದರೆ ಕಡತ ಅಲ್ಲಿಗೆ ಮುಗಿಯುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಟಿಸುವ ಆಕಸ್ಮಿಕ ಸಾವುಗಳ ವರದಿಯಲ್ಲಿ ಅಡುಗೆ ಅನಿಲದ ಸಿಲಿಂಡರ್ ಸಿಡಿದು ಸತ್ತವರಿಗೆ ಒಂದು ಶೀರ್ಷಿಕೆಯುಂಟು. ಗೀಸರ್‌ನ ಹೊಗೆಗೆ ಸತ್ತವರಿಗೆ ಪ್ರತ್ಯೇಕ ಸಾಲು ಇಲ್ಲ. ಎಣಿಸದ ಸಾವು ಸರ್ಕಾರದ ಕಣ್ಣಿಗೆ ಸಮಸ್ಯೆಯಾಗಿ ಕಾಣುವುದಿಲ್ಲ. ಒಂದೊಂದು ಮನೆಗೂ ಅದು ಆ ಮನೆಯ ದುರದೃಷ್ಟವಾಗಿಯೇ ಉಳಿಯುತ್ತದೆ.

ಬೇರೆಯವರ ಅನುಭವ

ಎಣಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಜಪಾನ್ ಒಂದು ಪಾಠ. 1996ರಲ್ಲಿ ಟೋಕಿಯೊದಲ್ಲಿ ಸತ್ತ ಯುವಕನೊಬ್ಬನ ಕುಟುಂಬ ವರ್ಷಗಳ ನಂತರ ಸಾವಿನ ಕಾರಣದ ಮರುಪರಿಶೀಲನೆಗೆ ಒತ್ತಾಯಿಸಿತು. ಆ ಎಳೆ ಹಿಡಿದು ಹೊರಟಾಗ 2006ರಲ್ಲಿ ಬೆಳಕಿಗೆ ಬಂದದ್ದು ಬೆಚ್ಚಿಬೀಳಿಸುವಂತಹ ಸತ್ಯ: ಪಾಲೋಮಾ ಕಂಪನಿಯ ಗ್ಯಾಸ್ ಜಲತಾಪಕಗಳಿಂದ 1985ರಿಂದೀಚೆಗೆ ದೇಶದ ಬೇರೆ ಬೇರೆ ಕಡೆ 21 ಜನ ಸತ್ತಿದ್ದರು. ಹೊಗೆಯನ್ನು ಹೊರದಬ್ಬುವ ಫ್ಯಾನು ನಿಂತರೆ ಅನಿಲವನ್ನೂ ನಿಲ್ಲಿಸಬೇಕಾದ ಸುರಕ್ಷಾ ವ್ಯವಸ್ಥೆಯನ್ನು ರಿಪೇರಿ ಮಾಡುವವರು ತಂತಿ ಜೋಡಿಸಿ ನಿಷ್ಕ್ರಿಯಗೊಳಿಸಿದ್ದರು. ಪ್ರತಿಯೊಂದು ಪ್ರಕರಣವೂ ಬಿಡಿಯಾಗಿ ‘ಆಕಸ್ಮಿಕ’ವಾಗಿತ್ತು, ಕೂಡಿಸಿ ನೋಡಿದಾಗಷ್ಟೇ ಅದೊಂದು ಸರಣಿಯೆಂದು ತಿಳಿಯಿತು. ಅದೇ ವರ್ಷ ಜಪಾನ್ ತನ್ನ ಗ್ರಾಹಕ ಉತ್ಪನ್ನ ಸುರಕ್ಷಾ ಕಾಯ್ದೆಗೆ ತಿದ್ದುಪಡಿ ತಂದು, ಗಂಭೀರ ಅವಘಡಗಳನ್ನು ತಯಾರಕರು ಸರ್ಕಾರಕ್ಕೆ ವರದಿ ಮಾಡುವುದನ್ನು ಕಡ್ಡಾಯಗೊಳಿಸಿತು. 2010ರಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ ಕಂಪನಿಯ ಮಾಜಿ ಅಧ್ಯಕ್ಷರನ್ನು ನಿರ್ಲಕ್ಷ್ಯಕ್ಕಾಗಿ ತಪ್ಪಿತಸ್ಥರೆಂದು ತೀರ್ಪಿತ್ತಿತು.

ಬ್ರಿಟನ್ನಿನ 1998ರ ಅನಿಲ ಸುರಕ್ಷಾ ನಿಯಮಗಳು ಇನ್ನೊಂದು ಬಗೆಯ ಉತ್ತರ. ಸ್ನಾನದ ಮನೆಯಲ್ಲಿ ಗ್ಯಾಸ್ ಉಪಕರಣ ಅಳವಡಿಸುವುದಾದರೆ, ಉರಿಗೆ ಬೇಕಾದ ಗಾಳಿಯನ್ನು ಹೊರಗಿನಿಂದಲೇ ಎಳೆದುಕೊಂಡು ಹೊಗೆಯನ್ನೂ ಹೊರಗೇ ಬಿಡುವ, ಕೋಣೆಯ ಗಾಳಿಯೊಂದಿಗೆ ಸಂಪರ್ಕವೇ ಇಲ್ಲದ ಮುಚ್ಚಿದ ಮಾದರಿಯದ್ದನ್ನು ಮಾತ್ರ ಅಳವಡಿಸಬಹುದು. ಮನೆಯನ್ನು ಬಾಡಿಗೆಗೆ ಕೊಟ್ಟ ಮಾಲೀಕ ನೋಂದಾಯಿತ ತಂತ್ರಜ್ಞನಿಂದ 12 ತಿಂಗಳಿಗೊಮ್ಮೆ ತಪಾಸಣೆ ಮಾಡಿಸಿ, ಅದರ ದಾಖಲೆಯನ್ನು ಬಾಡಿಗೆದಾರನ ಕೈಗೆ ಕೊಡಬೇಕು. 2022ರ ಅಕ್ಟೋಬರ್‌ನಿಂದ ಇಂಗ್ಲೆಂಡಿನಲ್ಲಿ, ಅಡುಗೆ ಒಲೆಯನ್ನು ಬಿಟ್ಟು ಬೇರಾವುದೇ ಸ್ಥಿರ ದಹನ ಉಪಕರಣವಿರುವ ಬಾಡಿಗೆ ಮನೆಯ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆ ಗಂಟೆಯೂ ಕಡ್ಡಾಯ.

ಕ್ಯಾಲಿಫೋರ್ನಿಯಾದ ಹಳೆಯ ಅಪಾರ್ಟ್‌ಮೆಂಟ್‌ಗಳಲ್ಲಿ ಗೋಡೆಯೊಳಗೆ ಹುದುಗಿದ ಗ್ಯಾಸ್ ಹೀಟರ್‌ಗಳು ಇಂದಿಗೂ ಉಳಿದಿವೆ. ಸನ್ನಿವೇಲ್, ಸಾಂತಾ ಕ್ಲಾರಾ, ಫ್ರೀಮಾಂಟ್‌ಗಳಲ್ಲಿ ಬಾಡಿಗೆಗಿರುವ ನಮ್ಮ ಊರಿನ ತಂತ್ರಜ್ಞರ ಎಷ್ಟೋ ಕುಟುಂಬಗಳಿಗೆ ಅವು ಪರಿಚಿತ. ಅವುಗಳ ಹೊಗೆ ಗೋಡೆಯೊಳಗಿನ ಲೋಹದ ಕೊಳವೆಯ ಮೂಲಕ ಚಾವಣಿಯಾಚೆ ಹೋಗಬೇಕು. ಕೊಳವೆ ಕಳಚಿದರೆ, ಹಕ್ಕಿಗೂಡು ಕಟ್ಟಿ ಮುಚ್ಚಿದರೆ ಅಲ್ಲಿಯೂ ಇದೇ ವಿಷ. ಆ ರಾಜ್ಯ 2010ರಲ್ಲಿ ಕಾಯ್ದೆ ಮಾಡಿ, ಒಂಟಿ ಮನೆಗಳಲ್ಲಿ 2011ರ ಜುಲೈ ಹಾಗೂ ಅಪಾರ್ಟ್‌ಮೆಂಟ್‌ಗಳಲ್ಲಿ 2013ರ ಜನವರಿಯೊಳಗೆ ಎಚ್ಚರಿಕೆ ಗಂಟೆ ಇರಬೇಕೆಂದು ವಿಧಿಸಿತು. ಪರದೇಶದಲ್ಲಿ ಆ ಗಂಟೆಯ ಕೆಳಗೆ ನಿಶ್ಚಿಂತೆಯಿಂದ ಮಲಗುವ ಮಗನ ತಂದೆತಾಯಿ ಇಲ್ಲಿ ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚುತ್ತಾರೆ ಎಂಬುದು ನಮ್ಮ ಕಾಲದ ವಿಪರ್ಯಾಸ.

ಆಗಬೇಕಾದ್ದೇನು?

ಮೊದಲನೆಯದಾಗಿ, ಕೋಣೆಯ ಗಾಳಿಯನ್ನೇ ಬಳಸಿ ಉರಿಯುವ ಗೀಸರ್ ಅನ್ನು ಸ್ನಾನದ ಮನೆಯೊಳಗೆ ಅಳವಡಿಸುವುದನ್ನು ಕಟ್ಟಡ ಉಪವಿಧಿಗಳಲ್ಲಿಯೇ ಸ್ಪಷ್ಟ ಮಾತುಗಳಲ್ಲಿ ನಿಷೇಧಿಸಬೇಕು. ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರಡಿಯ ಐದು ನಗರ ಪಾಲಿಕೆಗಳು ಹೊಸ ಆಡಳಿತದ ನಿಯಮಗಳನ್ನು ರೂಪಿಸಿಕೊಳ್ಳುತ್ತಿರುವ ಈ ಹೊತ್ತು ಅದಕ್ಕೆ ತಕ್ಕುದಾಗಿದೆ. ಹೊಸ ಕಟ್ಟಡಗಳಲ್ಲಿ ಗೀಸರ್‌ಗೆಂದೇ ಬಯಲಿಗೆ ತೆರೆದ ಜಾಗವನ್ನು ನಕ್ಷೆಯಲ್ಲಿ ತೋರಿಸುವಂತಾಗಬೇಕು. ಡಕ್ಟ್‌ಗೆ ಹೊಗೆ ಬಿಡುವುದು ಪರಿಹಾರವಲ್ಲ. ಕೆಳಮನೆಯ ಹೊಗೆ ಮೇಲ್ಮನೆಯ ಬಚ್ಚಲಿಗೆ ನುಗ್ಗಬಹುದು.

ಎರಡನೆಯದಾಗಿ, ಬಾಡಿಗೆ ಮನೆಯಲ್ಲಿ ಗೀಸರ್ ಒದಗಿಸಿದ ಮಾಲೀಕನೇ ಅದರ ಅಳವಡಿಕೆಗೂ ವಾರ್ಷಿಕ ತಪಾಸಣೆಗೂ ಹೊಣೆಯೆಂದು ಕಾನೂನು ಹೇಳಬೇಕು. ಇದರಿಂದ ಇನ್ಸ್‌ಪೆಕ್ಟರ್ ರಾಜ್ಯ ಮರಳುತ್ತದೆ, ಲಂಚಕ್ಕೆ ಮತ್ತೊಂದು ಕಿಂಡಿ ತೆರೆಯುತ್ತದೆ ಎಂಬ ಆಕ್ಷೇಪ ಬರುವುದು ಸಹಜ, ಅದು ಪೂರ್ತಿ ನಿರಾಧಾರವೂ ಅಲ್ಲ. ಆದರೆ ಇಲ್ಲಿ ಬೇಕಿರುವುದು ಮನೆಮನೆಗೆ ಬರುವ ಅಧಿಕಾರಿಯಲ್ಲ. ತರಬೇತಿ ಪಡೆದು ನೋಂದಾಯಿಸಿಕೊಂಡ ತಂತ್ರಜ್ಞ, ಅವನ ಸಹಿಯಿರುವ ಒಂದು ಹಾಳೆ, ಅವಘಡವಾದರೆ ಆ ಹಾಳೆಯನ್ನು ಕೇಳುವ ಪೊಲೀಸರು, ಇಷ್ಟಿದ್ದರೆ ಸಾಕು. ಹೊಣೆ ಯಾರದೆಂಬುದು ಮೊದಲೇ ತಿಳಿದಿದ್ದರೆ ಮಾಲೀಕ ತಾನಾಗಿಯೇ ಗೀಸರ್ ಅನ್ನು ಹೊರಗೆ ಸರಿಸುತ್ತಾನೆ. ನಾಲ್ಕಾರು ಅಡಿ ಪೈಪು, ಗೋಡೆಯಲ್ಲೊಂದು ತೂತು, ಒಂದು ದಿನದ ಕೆಲಸ: ಇದು ಮಧ್ಯಮವರ್ಗದ ಮನೆ ಮಾಲೀಕನಿಗೆ ಹೊರಲಾರದ ಖರ್ಚೇನಲ್ಲ.

ಮೂರನೆಯದಾಗಿ, ಸ್ನಾನದ ಮನೆಯಲ್ಲಿ ಸಂಭವಿಸುವ ಪ್ರತಿಯೊಂದು ಅಸಹಜ ಸಾವಿನಲ್ಲಿಯೂ ಮರಣೋತ್ತರ ಪರೀಕ್ಷೆಯ ವೇಳೆ ರಕ್ತದ ಕಾರ್ಬನ್ ಮೊನಾಕ್ಸೈಡ್ ಪ್ರಮಾಣ ಅಳೆಯುವುದು ಕಡ್ಡಾಯವಾಗಬೇಕು ಮತ್ತು ಅದರ ಒಟ್ಟು ಲೆಕ್ಕವನ್ನು ರಾಜ್ಯ ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಕೊಳವೆ ಅನಿಲ ಬೆಂಗಳೂರಿನ ಬಡಾವಣೆಗಳಿಗೆ ವಿಸ್ತರಿಸುತ್ತಿದೆ. ಸಿಲಿಂಡರ್ ಹೋಗಿ ಕೊಳವೆ ಬಂದರೆ ಇಂಧನ ಬದಲಾಗುತ್ತದೆಯೇ ಹೊರತು ಅರೆಬರೆ ಉರಿಯ ವಿಷ ಬದಲಾಗುವುದಿಲ್ಲ. ಹೊಸ ಸಂಪರ್ಕ ಕೊಡುವಾಗಲೇ ಗೀಸರ್ ಇರುವ ಜಾಗವನ್ನೂ ಪರಿಶೀಲಿಸಿ, ಸರಿಯಿಲ್ಲದಿದ್ದರೆ ಜೋಡಣೆ ನಿರಾಕರಿಸುವ ಅವಕಾಶವನ್ನು ಕಳೆದುಕೊಳ್ಳಬಾರದು.

ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಅಪಾರ್ಟ್‌ಮೆಂಟ್‌ಗಳ ನಿವಾಸಿ ಸಂಘಗಳು ಒಂದು ಭಾನುವಾರದ ಸಭೆಯಲ್ಲಿ ಈ ನಿರ್ಧಾರ ಮಾಡಬಹುದು. ಗೀಸರ್ ಹೊರಗೆ ಹೋಗುವ ತನಕ ಬೇರೆ ದಾರಿಯಿಲ್ಲದವರು ಕೋಣೆಯಿಂದ ಆಚೆ ನಿಂತು ಬಕೆಟ್‌ಗೆ ನೀರು ತುಂಬಿಸಿ, ಗೀಸರ್ ಆರಿಸಿ, ಬಾಗಿಲು ಕಿಟಕಿ ತೆರೆದು ಗಾಳಿಯಾಡಿದ ಮೇಲೆ ಸ್ನಾನಕ್ಕೆ ಹೋಗಲಿ. ಇದು ತಾತ್ಕಾಲಿಕ ಉಪಾಯವಷ್ಟೇ. ಎಚ್ಚರಿಕೆ ಗಂಟೆ ಕೊಳ್ಳುವವರು ಅದು ಅನಿಲ ಸೋರಿಕೆಯದ್ದಲ್ಲ, ಕಾರ್ಬನ್ ಮೊನಾಕ್ಸೈಡ್‌ನದ್ದು ಎಂಬುದನ್ನು ಖಚಿತಪಡಿಸಿಕೊಳ್ಳಲಿ. ಗಂಟೆಯನ್ನು ನೆಚ್ಚಿಕೊಂಡು ಗೀಸರ್ ಅನ್ನು ಒಳಗೇ ಉಳಿಸಿಕೊಳ್ಳುವುದೂ ಸಲ್ಲ. ಯೂರೋಪಿನ ಮಾನಕದ ಪ್ರಕಾರ ಹತ್ತು ಲಕ್ಷದಲ್ಲಿ 300 ಭಾಗ ವಿಷವಿದ್ದರೆ ಅದು ಮೂರು ನಿಮಿಷದೊಳಗೆ ಬಾರಿಸಬೇಕು, 50 ಭಾಗವಿದ್ದರೆ ಬಾರಿಸಲು ಒಂದು ಗಂಟೆಗೂ ಮೀರಿ ಹಿಡಿಯುತ್ತದೆ.

ಮುಂದಿನ ಬಾರಿ ಇಂತಹ ಸುದ್ದಿ ಬಂದಾಗ ಪತ್ರಿಕೆಗಳೂ ಒಂದು ಕೆಲಸ ಮಾಡಬಹುದು. ‘ಸೋರಿಕೆ’ ಎಂಬ ಪದವನ್ನು ಕೈಬಿಟ್ಟು, ಗೀಸರ್ ಎಲ್ಲಿತ್ತು, ಹೊಗೆಗೆ ದಾರಿ ಇತ್ತೇ, ಅದನ್ನು ಅಲ್ಲಿ ಅಳವಡಿಸಿದವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು. ವಿಧಿಯ ಮೇಲೆ ಹೊರಿಸಿದ ಸಾವಿಗೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಗೋಡೆಯ ಮೇಲಿನ ಮೊಳೆಗೆ ಮಾತ್ರ ಒಬ್ಬ ಮಾಲೀಕನಿರುತ್ತಾನೆ.